ಮಕ್ಕಳ ನೋಟುಬುಕ್ಕಿನ ವಿಚಿತ್ರ ಪ್ರಾಣಿಗಳು

ರಜೆಯ ದಿನಗಳಲ್ಲಿ ಮಕ್ಕಳ ನೋಟುಬುಕ್ಕಿನ ಕೊನೆಯ ಪುಟಗಳನ್ನು ತಿರುವಿ ನೋಡುವ ತಂದೆತಾಯಿಗಳಿಗೆ ಅಲ್ಲೊಂದು ಹೊಸ ಲೋಕವೇ ಕಾಣುತ್ತದೆ. ಮೂರು ಕಣ್ಣಿನ ಕಪ್ಪೆ, ರೆಕ್ಕೆಯುಳ್ಳ ಆಮೆ, ಬೆಂಕಿಯುಗುಳುವ ಬೆಕ್ಕು! ವಿಡಿಯೋ ಗೇಮ್‌ಗಳಲ್ಲಿ ಕಂಡ ಪಾತ್ರಗಳಿಗೆ ಕೊಂಬು, ಬಾಲಗಳನ್ನು ಜೋಡಿಸಿ ಹೊಸ ಪ್ರಾಣಿಗಳನ್ನು ಬರೆಯುವ ಈ ಹವ್ಯಾಸದ ಬಗ್ಗೆ ಹಿರಿಯರಲ್ಲಿ ಎರಡು ಆಕ್ಷೇಪಣೆಗಳಿವೆ. ಲಿಂಗಪೂಜೆ ನಡೆಯುವ ಮನೆಯಲ್ಲಿ ರಾಕ್ಷಸರ ಚಿತ್ರವೇಕೆ ಎಂಬುದು ಒಂದು. ಪರರು ಮಾಡಿದ್ದನ್ನು ನಕಲು ಮಾಡುವುದರಿಂದ ಬುದ್ಧಿ ಬೆಳೆದೀತೇ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಹೆಚ್ಚು ಮಾತು ಬೇಡ. ಶಿವಾಲಯದ ಬಾಗಿಲವಾಡದ ಮೇಲೆ ಕಣ್ಣರಳಿಸಿ ಕುಳಿತ ಕೀರ್ತಿಮುಖವನ್ನೂ, ಆನೆಯ ಸೊಂಡಿಲು ಮತ್ತು ನವಿಲಿನ ಬಾಲಗಳನ್ನು ಒಂದೇ ಒಡಲಲ್ಲಿ ಹೊತ್ತ ಬೇಲೂರು-ಹಳೇಬೀಡುಗಳ ಮಕರವನ್ನೂ ಭಕ್ತಿಯಿಂದಲೇ ಕಂಡವರು ನಾವು. ಮಗುವಿನ ಮೂರು ಕಣ್ಣಿನ ಕಪ್ಪೆಗೆ ಬೆಚ್ಚಬೇಕಾದುದಿಲ್ಲ.

ಎರಡನೆಯದು ವಿಚಾರಯೋಗ್ಯವಾದುದು. 1981ರಲ್ಲಿ ಅಮೆರಿಕದಲ್ಲಿ 'ವಿಜರ್ಡ್ರಿ' ಎಂಬ ಕಂಪ್ಯೂಟರ್ ಆಟ ಹೊರಬಂದಿತು. ಅದರಲ್ಲಿ ಲೋಳೆಯ ರೂಪದ ಒಂದು ಪ್ರಾಣಿಯಿತ್ತು. ಜಪಾನಿನ ಯೂಜಿ ಹೊರಿಯಿ ಆ ಆಟವನ್ನು ಬಹುವಾಗಿ ಮೆಚ್ಚಿದ್ದವರು. 1986ರಲ್ಲಿ ಬಿಡುಗಡೆಯಾದ ತಮ್ಮ 'ಡ್ರ್ಯಾಗನ್ ಕ್ವೆಸ್ಟ್' ಆಟದಲ್ಲಿಯೂ ಅಂತಹುದೊಂದು ಇರಲೆಂದು ಲೋಳೆಯ ಗುಡ್ಡೆಯೊಂದನ್ನು ಗೀಚಿ, ಚಿತ್ರಕಾರ ಅಕಿರಾ ತೋರಿಯಾಮಾ ಅವರ ಕೈಗಿತ್ತರು. ತೋರಿಯಾಮಾ ಬರೆದುಕೊಟ್ಟದ್ದು ಗುಡ್ಡೆಯಲ್ಲ, ನೆತ್ತಿ ಚೂಪಾದ ನೀಲಿ ನೀರಹನಿ, ಎರಡು ದುಂಡುಕಣ್ಣು, ಕಿವಿಯಿಂದ ಕಿವಿಗೆ ಎನ್ನುವಂತಹ ನಗು (ಕಿವಿಯೇನೋ ಅದಕ್ಕಿಲ್ಲ!). ಆಟದಲ್ಲಿ ಅದು ಮೊದಲು ಎದುರಾಗುವ ಅತಿ ದುರ್ಬಲ ಶತ್ರು. ಆದರೂ ಆ ಆಟದ ಗುರುತಾಗಿ ನಿಂತದ್ದು ಅದೇ. ತೋರಿಯಾಮಾ 2024ರ ಮಾರ್ಚ್ 1ರಂದು ತೀರಿಕೊಂಡರು. ಅವರ ಹನಿ ಇಂದಿಗೂ ಹೊಸ ಹೊಸ ಆಟಗಳಲ್ಲಿ ನಗುತ್ತಿದೆ. ಪರರ ಪ್ರಾಣಿಯಿಂದಲೇ ಹುಟ್ಟಿದ ಇದನ್ನು ನಕಲು ಎನ್ನಲು ನಮಗೆ ಮನಸ್ಸು ಬಾರದು.

ನಮ್ಮ ಮಕ್ಕಳು ಹೆಚ್ಚಾಗಿ ಬರೆಯುವ ಪಿಕಾಚುವಿನ ಕಥೆಯೂ ತಿಳಿಯತಕ್ಕದ್ದೇ. 1996ರಲ್ಲಿ ಬಂದ 'ಪೋಕೆಮಾನ್' ಆಟದ ಮೂಲಪುರುಷ ಸತೋಶಿ ತಾಜಿರಿ ಬಾಲ್ಯದಲ್ಲಿ ಟೋಕಿಯೋದ ಹೊರವಲಯದ ಮಾಚಿಡಾದಲ್ಲಿ ಹುಳುಗಳನ್ನು ಹಿಡಿದು ಸಂಗ್ರಹಿಸುತ್ತಿದ್ದರು. ಆ ಸಂಗ್ರಹದ ಗೀಳೇ ಮುಂದೆ 151 ಪ್ರಾಣಿಗಳ ಆಟವಾಯಿತು. ಪಿಕಾಚುವನ್ನು ರೂಪಿಸಿದವರು ಅತ್ಸುಕೋ ನಿಶಿದಾ ಎಂಬ ಮಹಿಳೆ. ಅದನ್ನು ಎಲ್ಲರೂ ಇಲಿಯೆನ್ನುತ್ತಾರೆ. ಆಕೆಯ ಮನಸ್ಸಿನಲ್ಲಿದ್ದುದು ಅಳಿಲು. ಅಳಿಲು ಜಾತಿಯ ಕೆಲವು ಪ್ರಾಣಿಗಳು ಕೆನ್ನೆಯಲ್ಲಿ ಕಾಳು ತುಂಬಿಕೊಳ್ಳುವಂತೆ ಇದು ವಿದ್ಯುತ್ತನ್ನು ತುಂಬಿಕೊಳ್ಳಲಿ ಎಂದು ಆಕೆ ಬಗೆದರು. ಆ ಕೆಂಪು ಕೆನ್ನೆಗಳು ಬರಿಯ ಅಲಂಕಾರವಲ್ಲ.

ಆದ್ದರಿಂದ ಮಗು ಪಿಕಾಚುವಿಗೆ ಕೊಂಬು ಬರೆದು ತಂದಾಗ, ಚೆನ್ನಾಗಿದೆ ಎಂದೋ ಹೊತ್ತು ಹಾಳು ಎಂದೋ ಹೇಳಿ ಕೈತೊಳೆದುಕೊಳ್ಳುವುದಕ್ಕಿಂತ, ಈ ಕೊಂಬು ಏತಕ್ಕೆ, ಇದರ ಆಹಾರವೇನು, ಮಳೆ ಬಂದರೆ ಎಲ್ಲಿ ಅವಿತುಕೊಳ್ಳುತ್ತದೆ ಎಂದು ಕೇಳಿರಿ. ಉತ್ತರ ಹೊಳೆಯದಿದ್ದರೆ ಹಿತ್ತಲಿಗೆ ಕರೆದೊಯ್ದು ಓತಿಕ್ಯಾತವನ್ನೋ ಸಗಣಿಹುಳುವನ್ನೋ ತೋರಿಸಿರಿ. ಕೊಂಬು ತಾನಾಗಿ ಬದಲಾದೀತು. ಮೊದಮೊದಲು ಇದ್ದಂತೆಯೇ ನೋಡಿ ಬರೆದರೂ ಬಾಧಕವಿಲ್ಲ; ಅಯ್ಯನವರು ಬರೆದ ಅಕ್ಷರದ ಮೇಲೆಯೇ ತಿದ್ದಿ ನಾವೆಲ್ಲ ಓದು ಕಲಿತೆವಲ್ಲವೇ? ಆದರೆ ನೋಡಿ ಬರೆದುದನ್ನು ಸ್ಪರ್ಧೆಗೆ ತನ್ನದೆಂದು ಕಳುಹಿಸುವುದಾಗಲಿ, ಮಾರುವುದಾಗಲಿ ಸಲ್ಲದು. ಆ ರೂಪಗಳಿಗೆ ಒಡೆಯರಿದ್ದಾರೆ. ಕಾಯಕದ ಮನೆಯ ಮಕ್ಕಳಿಗೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಬಣ್ಣದ ಪೆಟ್ಟಿಗೆಯನ್ನು ಕೂಡಲೇ ಕೊಡುವುದೂ ಬೇಡ. 1996ರ ಆ ಆಟ ನಡೆದದ್ದು ಬಣ್ಣವಿಲ್ಲದ ಪುಟ್ಟ ಪರದೆಯ ಮೇಲೆ. ಆಕಾರವೊಂದರಿಂದಲೇ ಪ್ರಾಣಿಯ ಗುರುತು ಸಿಗಬೇಕಾಗಿತ್ತು. ಮಗುವೂ ತನ್ನ ಪ್ರಾಣಿಯನ್ನು ಪೆನ್ಸಿಲಿನಿಂದ ನೆರಳಿನಂತೆ ಪೂರ್ತಿ ಕಪ್ಪಾಗಿ ತುಂಬಲಿ. ತಂಗಿಯೋ ಅಜ್ಜಿಯೋ ಅದನ್ನು ನೋಡಿ, ಇದು ಪಿಕಾಚುವಲ್ಲ, ಬೇರೆ ಯಾವುದೋ ಎಂದರೆ ಆಗ ಬಣ್ಣ ಹಚ್ಚಬಹುದು.