ಮಾಲ್ಗುಡಿ ಟ್ಯೂನ್ ಗೊತ್ತು, ಮಾಡಿದವರು ಗೊತ್ತಾ?

ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದೆ. ಕ್ಯಾಮೆರಾಮನ್ ಒಬ್ಬರ ಫೋನ್ ರಿಂಗಾಯ್ತು. ಮಾಲ್ಗುಡಿ ಡೇಸ್ ಟ್ಯೂನ್! ಅಲ್ಲಿದ್ದ ಆರೇಳು ಮಂದಿಯ ಮುಖದಲ್ಲೂ ನಗು. ಆ ಧಾರಾವಾಹಿ ಬಂದಾಗ ಹುಟ್ಟೇ ಇರದಿದ್ದ ಹುಡುಗನೊಬ್ಬ ಜೊತೆಗೇ ಗುನುಗೋಕೆ ಶುರು ಮಾಡಿದ. ಸುಮ್ಮನೆ ಕೇಳಿದೆ: "ಈ ಟ್ಯೂನ್ ಮಾಡಿದ್ದು ಯಾರು ಹೇಳಿ?"

ಒಬ್ಬರು ಶಂಕರ್‌ನಾಗ್ ಅಂದ್ರು. ಇನ್ನೊಬ್ಬರು ಇಳಯರಾಜ ಇರಬೇಕು ಸಾರ್ ಅಂದ್ರು. ಮೂರನೆಯವರು ಮೊಬೈಲ್ ತೆಗೆದು ಹಾಡಿನ ಆ್ಯಪ್ ನೋಡಿ, "ವೇರಿಯಸ್ ಆರ್ಟಿಸ್ಟ್ಸ್ ಅಂತ ಬರೆದಿದ್ದಾರೆ" ಅಂದ್ರು. ವೇರಿಯಸ್ ಆರ್ಟಿಸ್ಟ್ಸ್! ಅಂದ್ರೆ ಹಲವು ಕಲಾವಿದರು. ಅಂದ್ರೆ ಯಾರೂ ಅಲ್ಲ.

1986ರಲ್ಲಿ ದೂರದರ್ಶನದಲ್ಲಿ ಶುರುವಾದ ಧಾರಾವಾಹಿ ಅದು. ಆರ್.ಕೆ. ನಾರಾಯಣ್ ಕಥೆ, ಶಂಕರ್‌ನಾಗ್ ನಿರ್ದೇಶನ, ಆಗುಂಬೆಯಲ್ಲಿ ಶೂಟಿಂಗ್, ಆರ್.ಕೆ. ಲಕ್ಷ್ಮಣ್ ರೇಖಾಚಿತ್ರ. ಇಷ್ಟೂ ನಮಗೆ ಬಾಯಿಪಾಠ. ಸಂಗೀತ? ಅದು ಎಲ್. ವೈದ್ಯನಾಥನ್ ಅವರದ್ದು. 2007ರಲ್ಲಿ ತೀರಿಕೊಂಡ್ರು. ಟ್ಯೂನ್ ಇವತ್ತಿಗೂ ಲಕ್ಷಾಂತರ ಫೋನುಗಳಲ್ಲಿ ಜೀವಂತ, ಹೆಸರು ಮಾತ್ರ ನಾಪತ್ತೆ.

ಈ ನಾಪತ್ತೆಯಾದ ಹೆಸರನ್ನ ಹುಡುಕೋದು ಹೇಗೆ? ಅದನ್ನೇ ಇವತ್ತು ಹೇಳ್ತೀನಿ. ಖರ್ಚಿಲ್ಲ, ಕೈಲಿರೋ ಮೊಬೈಲ್ ಸಾಕು.

ಹಾಡು ಕೇಳಿಸೋ ಆ್ಯಪ್ ಬೇರೆ, ಹಾಡಿನ ದಾಖಲೆ ಇಡೋ ತಾಣ ಬೇರೆ. ಆ್ಯಪ್ ಅಂದ್ರೆ ಅಂಗಡಿ. ಅದಕ್ಕೆ ಮಾಲು ಓಡಿದರೆ ಸಾಕು. ದಾಖಲೆಯ ತಾಣ ಅಂದ್ರೆ ಲೈಬ್ರರಿ. ಈ ರೆಕಾರ್ಡ್ ಯಾವ ಕಂಪನಿಯದ್ದು, ಯಾವ ವರ್ಷದ್ದು, ಪಿಟೀಲು ಯಾರು, ತಬಲಾ ಯಾರು, ರೆಕಾರ್ಡಿಂಗ್ ಎಂಜಿನಿಯರ್ ಯಾರು, ಎಲ್ಲ ಅಲ್ಲಿ ಸಿಗುತ್ತೆ. ಇಂಥವುಗಳಲ್ಲಿ ದೊಡ್ಡವು ಎರಡು: ಡಿಸ್ಕಾಗ್ಸ್ ಮತ್ತು ಮ್ಯೂಸಿಕ್‌ಬ್ರೇನ್ಜ್. ಎರಡೂ 2000ದಲ್ಲಿ ಹುಟ್ಟಿದ್ದು. ಎರಡನ್ನೂ ತುಂಬಿಸಿದ್ದು ನನ್ನ ನಿಮ್ಮಂಥ ಕೇಳುಗರೇ.

ಮ್ಯೂಸಿಕ್‌ಬ್ರೇನ್ಜ್ ಹುಟ್ಟಿದ್ದರ ಹಿಂದೆ ಒಂದು ಕಥೆ ಇದೆ. ಸಾಮಾನ್ಯ ಆಡಿಯೋ ಸಿ.ಡಿ.ಯಲ್ಲಿ ಹಾಡಿನ ಹೆಸರು ಇರೋದೇ ಇಲ್ಲ ಅನ್ನೋದು ನಿಮಗೆ ಗೊತ್ತಾ? ಕಂಪ್ಯೂಟರಿಗೆ ಹಾಕಿದ್ರೆ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಅಂತ ಬರೋದು. ಹಾಗಾಗಿ 90ರ ದಶಕದಲ್ಲಿ ಸಿಡಿಡಿಬಿ ಅನ್ನೋ ಪಟ್ಟಿ ಶುರುವಾಯ್ತು. ಜಗತ್ತಿನಾದ್ಯಂತ ಜನ ತಮ್ಮ ಮನೆ ಸಿ.ಡಿ.ಗಳ ಹಾಡಿನ ಹೆಸರನ್ನ ಕೂತು ಟೈಪ್ ಮಾಡಿದ್ರು. ಪುಕ್ಕಟೆಯಾಗಿ. ಆಮೇಲೆ ಏನಾಯ್ತು? ಆ ಪಟ್ಟಿ ಮಾರಾಟ ಆಯ್ತು. ಖಾಸಗಿ ಕಂಪನಿಯ ಸ್ವತ್ತಾಯ್ತು. ಬೆವರು ಜನರದ್ದು, ಬೆಳೆ ಕಂಪನಿಯದ್ದು! ಆ ಸಿಟ್ಟಿನಿಂದಲೇ ಎದ್ದದ್ದು ಮ್ಯೂಸಿಕ್‌ಬ್ರೇನ್ಜ್. ಲಾಭಕ್ಕಲ್ಲದ ಸಂಸ್ಥೆಯೊಂದು ಅದನ್ನ ನಡೆಸುತ್ತೆ. ಅದರ ಮುಖ್ಯ ಮಾಹಿತಿಯನ್ನ ಯಾರು ಬೇಕಾದ್ರೂ ಬಳಸಬಹುದು.

ಈಗ ವೈದ್ಯನಾಥನ್ ಹತ್ರ ವಾಪಸ್ ಬರೋಣ. ಇಂಥ ತಾಣಗಳಲ್ಲಿ ಹುಡುಕೋದಕ್ಕೆ ಒಂದು ಸೂತ್ರ ಇದೆ: ಒಂದು ಹೆಸರು ಸಿಕ್ಕಿದ್ರೆ ನಿಲ್ಲಬೇಡಿ, ಅದರ ಬಾಲ ಹಿಡಿದು ಹೋಗಿ.

ವೈದ್ಯನಾಥನ್ ಹೆಸರಿನ ಬಾಲ ಹಿಡಿದರೆ ಏನು ಸಿಗುತ್ತೆ ನೋಡಿ. 1978ರ ಕಾಶೀನಾಥ್ ಸಿನಿಮಾ 'ಅಪರಿಚಿತ'ದ ಸಂಗೀತ ಅವರದ್ದು. 1987ರಲ್ಲಿ ಬಂದ, ಒಂದೇ ಒಂದು ಮಾತಿಲ್ಲದ ಕಮಲಹಾಸನ್ ಸಿನಿಮಾ 'ಪುಷ್ಪಕ ವಿಮಾನ' ಇದೆಯಲ್ಲ, ಅದಕ್ಕೂ ಅವರದ್ದೇ ಸಂಗೀತ. ನೀವು ಇಷ್ಟು ವರ್ಷ ಬೇರೆ ಬೇರೆಯಾಗಿ ಇಷ್ಟಪಟ್ಟ ಮೂರು ಸಂಗೀತ, ಮೂರರ ಹಿಂದೆಯೂ ಒಬ್ಬರೇ ಮನುಷ್ಯ.

ಇಷ್ಟಕ್ಕೇ ಮುಗೀಲಿಲ್ಲ. ಹೆಸರಿನ ಮುಂದೆ 'ಎಲ್' ಇದೆಯಲ್ಲ, ಅದು ಲಕ್ಷ್ಮೀನಾರಾಯಣ. ತಂದೆ ವಿ. ಲಕ್ಷ್ಮೀನಾರಾಯಣ ಪಿಟೀಲು ವಿದ್ವಾಂಸರು. ಇದೇ 'ಎಲ್' ಇಟ್ಟುಕೊಂಡ ಇನ್ನಿಬ್ಬರು ತಮ್ಮಂದಿರಿದ್ದಾರೆ. ಒಬ್ಬರು ನಮ್ಮ ಬೆಂಗಳೂರಿನಲ್ಲೇ ನೆಲೆಸಿರೋ ಎಲ್. ಸುಬ್ರಹ್ಮಣ್ಯಂ. ಮೀರಾ ನಾಯರ್ ಅವರ 1988ರ ಸಿನಿಮಾ 'ಸಲಾಮ್ ಬಾಂಬೆ'ಗೆ ಸಂಗೀತ ಕೊಟ್ಟವರು. ಇನ್ನೊಬ್ಬರು ಎಲ್. ಶಂಕರ್.

ಶಂಕರ್ ಹೆಸರು ಒತ್ತಿದ್ರೆ ನೀವು ಸೀದಾ ಅಮೆರಿಕದಲ್ಲಿರ್ತೀರಿ. 1975ರಲ್ಲಿ ಅಲ್ಲಿನ ಒಂದು ಕಾಲೇಜಿನಲ್ಲಿ ಕಛೇರಿ ನಡೆಯಿತು. ಅದೇ ಮರುವರ್ಷ 'ಶಕ್ತಿ' ತಂಡದ ಮೊದಲ ಆಲ್ಬಂ ಆಗಿ ಹೊರಬಂತು. ಗಿಟಾರ್ ಜಾನ್ ಮೆಕ್ಲಾಫ್ಲಿನ್, ತಬಲಾ ಜಾಕಿರ್ ಹುಸೇನ್, ಘಟ ವಿಕ್ಕು ವಿನಾಯಕರಾಂ, ಪಿಟೀಲು ಎಲ್. ಶಂಕರ್. ಈ ನಾಲ್ಕು ಹೆಸರು ಸಂಗೀತಪ್ರಿಯರಿಗೆಲ್ಲ ಗೊತ್ತು. ಆದ್ರೆ ಆ ಆಲ್ಬಂನ ಪುಟದಲ್ಲಿ ಐದನೇ ಹೆಸರೂ ಇದೆ. ಮೃದಂಗ: ರಾಮನಾಡ್ ರಾಘವನ್. ತಂಡದ ಬಗ್ಗೆ ಮಾತಾಡುವಾಗ ಎಷ್ಟು ಜನ ಈ ಹೆಸರು ಹೇಳ್ತಾರೆ? ದಾಖಲೆ ಮಾತ್ರ ಮರೆತಿಲ್ಲ.

ಅಲ್ಲಿಂದ ಇನ್ನೊಂದು ಹೆಜ್ಜೆ. 1989ರಲ್ಲಿ ಬ್ರಿಟನ್ನಿನ ಪೀಟರ್ ಗೇಬ್ರಿಯಲ್, ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಸಿನಿಮಾಗೆ ಮಾಡಿದ ಸಂಗೀತ 'ಪ್ಯಾಶನ್' ಆಲ್ಬಂ ಆಗಿ ಬಂತು. ಅದರ ಕಲಾವಿದರ ಪಟ್ಟಿಯಲ್ಲೂ ಶಂಕರ್ ಇದ್ದಾರೆ. ಆಗುಂಬೆಯ ಮಳೆಯಿಂದ ಹೊರಟವರು ಎಲ್ಲಿಗೆ ಬಂದು ನಿಂತ್ವಿ ನೋಡಿ! ಹಾಡಿನ ಆ್ಯಪ್ ಈ ದಾರಿ ತೋರಿಸೋದು ಕಷ್ಟ. ಅದು ನೀವು ನಿನ್ನೆ ಕೇಳಿದ್ದನ್ನು ಹೋಲುವಂಥದ್ದನ್ನೇ ಇವತ್ತೂ ಕೊಡುತ್ತೆ. ದಾಖಲೆ ಹಾಗಲ್ಲ, ಮನುಷ್ಯರಿಂದ ಮನುಷ್ಯರಿಗೆ ದಾರಿ ಮಾಡುತ್ತೆ.

ಆದ್ರೆ ಹುಷಾರು. ಈ ದಾರಿಯಲ್ಲಿ ಮೂರು ಹಳ್ಳ ಇವೆ.

ಮೊದಲನೆಯದು ಹೆಸರಿನ ಗೊಂದಲ. ಎಲ್. ಶಂಕರ್ ಒಂದು ರೆಕಾರ್ಡಿನಲ್ಲಿ ಎಲ್. ಶಂಕರ್, ಇನ್ನೊಂದರಲ್ಲಿ ಬರೀ ಶಂಕರ್, ಮತ್ತೊಂದರಲ್ಲಿ ಶೆಂಕರ್. ಇನ್ನೊಂದು ಕಡೆ, 2024ರಲ್ಲಿ ಗ್ರ್ಯಾಮಿ ಗೆದ್ದ ಶಕ್ತಿ ತಂಡದಲ್ಲಿ ಇದ್ದದ್ದು ಗಾಯಕ ಶಂಕರ್ ಮಹಾದೇವನ್. ಅದೇ ತಂಡ, ಅದೇ ಹೆಸರು, ಮನುಷ್ಯರು ಬೇರೆ! ಇದಕ್ಕೇ ಮ್ಯೂಸಿಕ್‌ಬ್ರೇನ್ಜ್ ಪ್ರತಿ ಕಲಾವಿದರಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟಿದೆ. ನಮ್ಮ ಆಧಾರ್ ಇದ್ದ ಹಾಗೆ. ಹೆಸರನ್ನ ಹೇಗೆ ಬರೆದರೂ ಸಂಖ್ಯೆ ಒಂದೇ. ಹಾಗಾಗಿ ನಮ್ಮ ಹೆಸರುಗಳನ್ನ ಹುಡುಕುವಾಗ ಎರಡು ಮೂರು ಸ್ಪೆಲ್ಲಿಂಗ್ ಹಾಕಿ ನೋಡಿ, ಇನಿಷಿಯಲ್ ಬಿಟ್ಟೂ ನೋಡಿ.

ಎರಡನೆಯದು ವರ್ಷ. 1978ರ ಹಾಡು ಆ್ಯಪ್‌ನಲ್ಲಿ ಮೊನ್ನೆ ಮೊನ್ನೆ ಬಂದಂತೆ ಕಾಣಬಹುದು. ಅದು ಮತ್ತೆ ಬಿಡುಗಡೆ ಮಾಡಿದ ವರ್ಷ. ಡಿಸ್ಕಾಗ್ಸ್‌ನಲ್ಲಿ ಒಂದೇ ಆಲ್ಬಂನ ಬೇರೆ ಬೇರೆ ಮುದ್ರಣಗಳಿಗೆ ಬೇರೆ ಬೇರೆ ಪುಟ ಇರುತ್ತೆ. ಕಂಪನಿಯ ಕ್ಯಾಟಲಾಗ್ ನಂಬರ್ ಹೋಲಿಸಿ ನೋಡಿದ್ರೆ ಹಳೆಯದು ಯಾವುದು ಅಂತ ತಿಳಿಯುತ್ತೆ.

ಮೂರನೆಯದು ತಪ್ಪು ಮಾಹಿತಿ. ಜನರೇ ತುಂಬಿಸೋ ಜಾಗ, ತಪ್ಪು ಇದ್ದೇ ಇರುತ್ತೆ. ನಮ್ಮ ನ್ಯೂಸ್‌ರೂಮಿನ ನಿಯಮವೇ ಇಲ್ಲೂ: ಎರಡು ಮೂಲದಿಂದ ಖಾತ್ರಿಯಾಗದೆ ನಂಬಬೇಡಿ. ಪುಟದಲ್ಲಿ ರೆಕಾರ್ಡಿನ ಲೇಬಲ್ ಫೋಟೋ ಇದೆಯಾ, ಅದನ್ನ ದೊಡ್ಡದು ಮಾಡಿ ನೀವೇ ಓದಿ.

ಒಂದು ಹೆಸರಿಗೆ ಇಷ್ಟೆಲ್ಲ ಯಾಕೆ ಸಾರ್ ಅಂತ ನೀವು ಕೇಳಬಹುದು. ಯಾಕಂದ್ರೆ ಕಲಾವಿದನಿಗೆ ಹೆಸರೇ ಆಸ್ತಿ. 2012ರಲ್ಲಿ ನಮ್ಮ ಕಾಪಿರೈಟ್ ಕಾನೂನಿಗೆ ತಿದ್ದುಪಡಿ ಆಯ್ತು. ಸಿನಿಮಾ ಹಾಡು ಥಿಯೇಟರ್ ಬಿಟ್ಟು ಬೇರೆ ಕಡೆ ಬಳಕೆಯಾದ್ರೆ ಸಾಹಿತ್ಯ ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಲ್ಟಿಯಲ್ಲಿ ಪಾಲು ಕೊಡಬೇಕು ಅಂತ ಆಯ್ತು. ಒಳ್ಳೇದೇ. ಆದ್ರೆ ಯಾರು ಮಾಡಿದ್ದು ಅನ್ನೋದೇ ದಾಖಲೆಯಲ್ಲಿ ಇಲ್ಲ ಅಂದ್ರೆ ಪಾಲು ಕೇಳೋದು ಹೇಗೆ? ಮುಖ್ಯ ಕಲಾವಿದರ ಕಥೆಯೇ ಹೀಗಾದ್ರೆ ಹಿಂದೆ ಕೂತು ಕೊಳಲು, ತಬಲಾ, ಸಿತಾರ್ ನುಡಿಸಿದವರ ಗತಿ?

ಈ ತಾಣಗಳಲ್ಲಿ ಇಂಗ್ಲಿಷ್ ರಾಕ್ ಆಲ್ಬಂನ ಸಣ್ಣಪುಟ್ಟ ವಿವರವೂ ಸಿಗುತ್ತೆ. ಕನ್ನಡದ್ದು ಹುಡುಕಿದ್ರೆ ಎಷ್ಟೋ ಕಡೆ ಖಾಲಿ. ಯಾಕೆ? ಅವರು ಕೂತು ಬರೆದರು, ನಾವು ಬರೀಲಿಲ್ಲ. ನಿಸಾರ್ ಅಹಮದ್ ಸಾಹಿತ್ಯ, ಮೈಸೂರು ಅನಂತಸ್ವಾಮಿ ಸಂಗೀತದ 'ನಿತ್ಯೋತ್ಸವ' 1978ರಲ್ಲಿ ಬಂತು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಹೆಸರಾಯ್ತು. ಅದಾದ ಮೇಲೆ ಭಾವಗೀತೆ, ಜನಪದ, ದೇವರನಾಮ, ನಾಟಕ ಅಂತ ಲೆಕ್ಕವಿಲ್ಲದಷ್ಟು ಕ್ಯಾಸೆಟ್ ಬಂದ್ವು. ನುಡಿಸಿದವರ ಹೆಸರು ಎಷ್ಟೋ ಸಲ ಒಂದೇ ಕಡೆ ಇರುತ್ತೆ: ಡಬ್ಬಿಯೊಳಗೆ ಮಡಚಿಟ್ಟ ಆ ಪುಟ್ಟ ಕಾಗದದಲ್ಲಿ. ಆ ಡಬ್ಬಿ ಎಲ್ಲಿದೆ? ನಿಮ್ಮ ಅಟ್ಟದ ಮೇಲೆ.

ಈ ಭಾನುವಾರ ಒಂದು ಕೆಲಸ ಮಾಡಿ. ಅಟ್ಟ ಹತ್ತಿ. ಆ ರಟ್ಟಿನ ಪೆಟ್ಟಿಗೆ ಇಳಿಸಿ. ಗುಜರಿಯವನಿಗೆ ಹಾಕೋ ಮೊದಲು ಒಂದೊಂದೇ ಕ್ಯಾಸೆಟ್ ತೆಗೆದು ಆ ಕಾಗದದ ಫೋಟೋ ತೆಗೀರಿ. ಮಗನಿಗೋ ಮೊಮ್ಮಗಳಿಗೋ ಹೇಳಿ, ಖಾತೆ ತೆರೆದು ಅದರಲ್ಲಿರೋದನ್ನ ಇದ್ದದ್ದು ಇದ್ದ ಹಾಗೆ ತುಂಬಿಸಲಿ. ಗೊತ್ತಿಲ್ಲದ್ದನ್ನ ಊಹೆ ಮಾಡಿ ಬರೆಯೋದು ಬೇಡ. ಒಂದು ಕ್ಯಾಸೆಟ್‌ಗೆ ಅರ್ಧ ಗಂಟೆ ಹಿಡಿದರೆ ಹೆಚ್ಚು.

ಅಲ್ಲಿಗೆ ಒಬ್ಬ ತಬಲಾ ವಾದಕನ ಹೆಸರು ಉಳೀತು ಅಂತ ಲೆಕ್ಕ. ನಾಳೆ ಯಾವುದೋ ಊರಿನ ಯಾವುದೋ ಹುಡುಗಿ ಆ ಹಾಡು ಕೇಳಿ 'ಇದನ್ನ ನುಡಿಸಿದ್ದು ಯಾರು?' ಅಂತ ಹುಡುಕಿದಾಗ, ವೇರಿಯಸ್ ಆರ್ಟಿಸ್ಟ್ಸ್ ಅನ್ನೋ ಉತ್ತರ ಬರಬಾರದು. ಹೆಸರು ಬರಬೇಕು.