ಜೂಜಿನ ಚಟ: ವೈದ್ಯರು ಅದನ್ನು ಹೇಗೆ ಗುರುತಿಸುತ್ತಾರೆ?

ಸಂಸಾರದ ನೆಮ್ಮದಿಗೆ ಮಿತಸಂತಾನ, ಪೌಷ್ಟಿಕ ಆಹಾರ ಮತ್ತು ಶುಚಿತ್ವಗಳು ಎಷ್ಟು ಅಗತ್ಯವೋ, ದುಡಿದು ತಂದ ಹಣವು ಮನೆಯ ಉಪಯೋಗಕ್ಕೇ ಸಲ್ಲುವುದೂ ಅಷ್ಟೇ ಅಗತ್ಯ. ತೆಂಗು, ಅಡಿಕೆ ಮಾರಿದ ಹಣ, ಹಾಲಿನ ಡೇರಿಯ ಬಟವಾಡೆ, ಸ್ತ್ರೀಶಕ್ತಿ ಸಂಘದ ಸಾಲ ಇವೆಲ್ಲವೂ ಇಸ್ಪೀಟು, ಮಟ್ಕಾ ಅಥವಾ ಮೊಬೈಲಿನ ಪಂದ್ಯಕ್ಕೆ ಹರಿದುಹೋದಲ್ಲಿ ಮಕ್ಕಳ ಹಾಲು, ಪುಸ್ತಕ, ಔಷಧಿಗಳಿಗೆ ಕೊರತೆ ಬೀಳುತ್ತದೆ.

ಧರ್ಮರಾಯನು ಪಗಡೆಯಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ಕಡೆಗೆ ದ್ರೌಪದಿಯನ್ನೂ ಪಣವಾಗಿ ಒಡ್ಡಿ ಸೋತ ಕಥೆಯನ್ನು ಅರಿಯದವರಿಲ್ಲ. ಗುಬ್ಬಿ ವೀರಣ್ಣನವರ ನಾಡಿನವರಾದ ನಮಗೆ ರಂಗದ ಮೇಲಿನ ಪಾಂಡವರು ಅಪರಿಚಿತರಲ್ಲ. ಅವನು ಮೂರ್ಖನಾಗಿರಲಿಲ್ಲ, ದುಷ್ಟನೂ ಆಗಿರಲಿಲ್ಲ. ಆದರೂ ಆಟದಿಂದ ಏಳಲಾರದೆ ಹೋದನು. ಈ ‘ಏಳಲಾರದ’ ಸ್ಥಿತಿಯೇ ವೈದ್ಯರು ಪರೀಕ್ಷಿಸುವ ವಿಷಯ.

ದುರಭ್ಯಾಸವೇ, ರೋಗವೇ?

ಯುಗಾದಿಯಂದು ನೆಂಟರೊಡನೆ ಕುಳಿತು ಎಲೆ ಹಾಕುವವರೆಲ್ಲರೂ ರೋಗಿಗಳಲ್ಲ. ಕುಣಿಗಲ್ ಪಂದ್ಯದ ಕುದುರೆಗಳನ್ನು ಸಾಕಿ ಬೆಳೆಸುವುದಕ್ಕೆ ಹೆಸರಾದ ಊರು. ಆದರೆ ಕುದುರೆಯ ಓಟವನ್ನು ನೋಡಿ ಸಂತೋಷಪಡುವುದು ಬೇರೆ. ಮನೆಯ ಬದುಕನ್ನೇ ಅದರ ಬಾಲಕ್ಕೆ ಕಟ್ಟುವುದು ಬೇರೆ. ತನಗೆ ಕೇಡಾಗುತ್ತಿದೆ ಎಂದು ತಿಳಿದೂ ನಿಲ್ಲಿಸಲಾಗದಿದ್ದಾಗ ಅದು ಕಾಯಿಲೆಯ ರೂಪ ತಾಳುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಇದನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಮದ್ಯವ್ಯಸನವಿರುವ ವರ್ಗದಲ್ಲಿಯೇ ಇದನ್ನೂ ಇರಿಸಿತು. 2022ರ ಜನವರಿಯಿಂದ ಜಾರಿಗೆ ಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಹಾಗೆಯೇ ಪರಿಗಣಿಸಿದೆ.

ಮೊದಲ ಎರಡು ಪ್ರಶ್ನೆಗಳು

ಗುಬ್ಬಿಯ ಸಮೀಪದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಯಜಮಾನನಿಗೆ ಎರಡೆಕರೆ ತೋಟವಿದೆ. ಮೊದಲು ನೂರು ರೂಪಾಯಿಗೆ ಮೊಬೈಲಿನಲ್ಲಿ ಇಸ್ಪೀಟು ಆಡಿದನು, ಒಮ್ಮೆ ಗೆದ್ದನು. ಅನಂತರ ಸೋತದ್ದನ್ನು ಮರಳಿ ಪಡೆಯಲೆಂದು ಸಾವಿರಗಳನ್ನು ಹೂಡಿದನು. ಕಾಯಿ ಮಾರಿದ ಹಣವನ್ನು ‘ವ್ಯಾಪಾರಿ ಇನ್ನೂ ಕೊಟ್ಟಿಲ್ಲ’ ಎಂದು ಮನೆಯಲ್ಲಿ ಹೇಳಿದನು. ಹೆಂಡತಿಯ ಸರವು ಗಿರವಿಗೆ ಹೋದ ದಿನ ಸತ್ಯ ಹೊರಬಿದ್ದಿತು. ಇಂತಹವನನ್ನು ಆಸ್ಪತ್ರೆಗೆ ಕರೆತಂದಾಗ ವೈದ್ಯರು ಪ್ರಾರಂಭದಲ್ಲಿ ಎರಡೇ ಪ್ರಶ್ನೆ ಕೇಳಬಹುದು.

1. ಪಣದ ಹಣವನ್ನು ಹೆಚ್ಚಿಸುತ್ತಲೇ ಹೋಗಬೇಕೆಂದು ತಮಗೆ ಎಂದಾದರೂ ಅನಿಸಿದೆಯೇ?
2. ಎಷ್ಟು ಆಡಿದಿರಿ ಎಂಬುದರ ಬಗ್ಗೆ ತಮ್ಮವರಿಗೆ ಸುಳ್ಳು ಹೇಳಬೇಕಾಗಿ ಬಂದಿದೆಯೇ?

ಒಂದಕ್ಕೆ ‘ಹೌದು’ ಎಂದರೂ ವಿವರವಾದ ಪರೀಕ್ಷೆ ಅವಶ್ಯಕ. ಇಷ್ಟರಿಂದಲೇ ರೋಗವಿದೆಯೆಂದು ನಿರ್ಧರಿಸುವಂತಿಲ್ಲ.

ವಿವರವಾದ ಪರೀಕ್ಷೆ

ಈ ಕಾಯಿಲೆಯನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ, ಕ್ಷ-ಕಿರಣ ಚಿತ್ರವಾಗಲಿ ಇಲ್ಲ. ಮಾತುಕತೆಯೇ ಪರೀಕ್ಷೆ. ಆದುದರಿಂದ ಮರೆಮಾಚದೆ ಉತ್ತರಿಸಬೇಕು. ಕಳೆದ 12 ತಿಂಗಳ ನಡವಳಿಕೆಯಲ್ಲಿ ಈ ಕೆಳಗಿನ ಒಂಬತ್ತು ಲಕ್ಷಣಗಳನ್ನು ವೈದ್ಯರು ಹುಡುಕುತ್ತಾರೆ:

1. ಮೊದಲಿನ ಹುರುಪು ದೊರೆಯಲು ಹೆಚ್ಚು ಹೆಚ್ಚು ಹಣ ಒಡ್ಡುವುದು.
2. ಆಟ ಕಡಿಮೆ ಮಾಡಿದರೆ ಚಡಪಡಿಕೆ, ಸಿಡುಕು.
3. ಬಿಡಲು ಮತ್ತೆ ಮತ್ತೆ ಯತ್ನಿಸಿ ವಿಫಲನಾಗುವುದು.
4. ಸದಾ ಆಟದ್ದೇ ಧ್ಯಾನ.
5. ಬೇಸರ, ಚಿಂತೆ ಬಂದಾಗ ಆಟಕ್ಕೆ ಓಡುವುದು.
6. ಸೋತ ಹಣವನ್ನು ಗೆಲ್ಲಲು ಮರುದಿನವೇ ಹೋಗುವುದು.
7. ಸುಳ್ಳು ಹೇಳಿ ಮುಚ್ಚಿಡುವುದು.
8. ದಾಂಪತ್ಯ, ಕೆಲಸ ಅಥವಾ ವ್ಯಾಸಂಗಕ್ಕೆ ಕುಂದು ತಂದುಕೊಳ್ಳುವುದು.
9. ಆಟದಿಂದಾದ ಹಣದ ಮುಗ್ಗಟ್ಟಿಗೆ ಇತರರ ಮುಂದೆ ಕೈಯೊಡ್ಡುವುದು.

ಇವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಲಕ್ಷಣಗಳಿದ್ದಲ್ಲಿ ರೋಗವೆಂದು ಭಾವಿಸಲಾಗುತ್ತದೆ. ನಾಲ್ಕೈದು ಇದ್ದರೆ ಸೌಮ್ಯ, ಆರೇಳು ಇದ್ದರೆ ಮಧ್ಯಮ, ಎಂಟು ಒಂಬತ್ತು ಇದ್ದರೆ ತೀವ್ರ. ಚಿಕಿತ್ಸೆಯ ರೀತಿಯನ್ನು ಗೊತ್ತುಪಡಿಸಲು ಈ ತೂಕ ಸಹಾಯಕ.

ಇದರೊಡನೆ ವೈದ್ಯರು ಬೇರೆ ಕಾರಣಗಳನ್ನೂ ಶೋಧಿಸುತ್ತಾರೆ. ಮಿತಿಮೀರಿದ ಉತ್ಸಾಹದ ಮನೋರೋಗದಲ್ಲಿಯೂ ಮನುಷ್ಯನು ಹಣವನ್ನು ಚೆಲ್ಲಾಡಬಹುದು. ನಡುಕದ ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಕೆಲವು ಔಷಧಿಗಳಿಂದಲೂ ಜೂಜಿನ ಹಂಬಲ ಹುಟ್ಟುವುದುಂಟು. ಆದಕಾರಣ ಸೇವಿಸುತ್ತಿರುವ ಮಾತ್ರೆಗಳನ್ನು ಜೊತೆಗೆ ಕೊಂಡೊಯ್ಯಬೇಕು, ತಾವಾಗಿಯೇ ನಿಲ್ಲಿಸಬಾರದು. ಕುಡಿತ, ತಂಬಾಕು, ಖಿನ್ನತೆಗಳ ಬಗ್ಗೆಯೂ ಕೇಳುತ್ತಾರೆ. ಸಾಲಗಾರರ ಕಾಟ, ಒಟ್ಟು ಸಾಲದ ಮೊತ್ತಗಳನ್ನೂ ಬರೆದುಕೊಳ್ಳುತ್ತಾರೆ.

ಅತಿ ಮುಖ್ಯವಾದ ಪ್ರಶ್ನೆ

‘ಬದುಕುವುದೇ ಬೇಡವೆಂದು ಅನಿಸಿದೆಯೇ?’ ಎಂದು ವೈದ್ಯರು ನೇರವಾಗಿ ಕೇಳುತ್ತಾರೆ. ಇದರಿಂದ ದಂಪತಿಗಳು ಗಾಬರಿಗೊಳ್ಳಬಾರದು. ಕೇಳುವುದರಿಂದ ಅಂತಹ ಯೋಚನೆ ಹುಟ್ಟುವುದಿಲ್ಲ. ಒಳಗೆ ಅಡಗಿದ್ದರೆ ಹೊರಬಂದು ಪ್ರಾಣ ಉಳಿಯುತ್ತದೆ. ಸಾಲವೂ ನಾಚಿಕೆಯೂ ಒಟ್ಟಿಗೆ ಮೇಲೆ ಬಿದ್ದವನಿಗೆ ಈ ಅಪಾಯ ಹೆಚ್ಚು. ಅಂತಹವರು ಮನೆಯಲ್ಲಿದ್ದರೆ ಕ್ರಿಮಿನಾಶಕಗಳನ್ನು ಬೇರೆಡೆ ಬೀಗದಲ್ಲಿರಿಸಿ, ಅವರನ್ನು ಒಂಟಿಯಾಗಿ ಬಿಡದೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಪತಿಪತ್ನಿಯರ ಪಾತ್ರ

ರೋಗಿಯ ಒಪ್ಪಿಗೆ ಪಡೆದು ವೈದ್ಯರು ಸಂಗಾತಿಯೊಡನೆ ಪ್ರತ್ಯೇಕವಾಗಿಯೂ ಮಾತನಾಡುವುದುಂಟು. ಸುಳ್ಳು ಹೇಳುವುದು ಈ ಕಾಯಿಲೆಯದೇ ಒಂದು ಲಕ್ಷಣವಾದುದರಿಂದ ಮನೆಯವರ ಮಾತಿಗೆ ಬೆಲೆ ಹೆಚ್ಚು. ದಿನಾಂಕ, ಮೊತ್ತ, ಗಿರವಿಯ ಚೀಟಿ, ಬ್ಯಾಂಕಿನ ಪಾಸ್‌ಪುಸ್ತಕಗಳನ್ನು ತೆಗೆದುಕೊಂಡು ಹೋಗುವುದು ಒಳ್ಳೆಯದು. ‘ಇದೊಂದು ಬಾರಿ’ ಎಂದು ಪದೇ ಪದೇ ಸಾಲ ತೀರಿಸುವುದರಿಂದ ಆಟ ನಿಲ್ಲದು. ಆಣೆ ಪ್ರಮಾಣ ಮಾಡಿಸುವುದರಿಂದಲೂ, ಹತ್ತು ಜನರ ಮುಂದೆ ಮಾನ ಕಳೆಯುವುದರಿಂದಲೂ ರೋಗ ವಾಸಿಯಾಗದು. ಚಿಕಿತ್ಸೆ ಫಲಿಸುವವರೆಗೆ ಮನೆಯ ಹಣದ ಉಸ್ತುವಾರಿಯನ್ನು ಇಬ್ಬರೂ ಒಪ್ಪಿ ಒಬ್ಬರ ಕೈಗೆ ವಹಿಸುವುದು ಉಪಯುಕ್ತ. ಮನೋವೈದ್ಯರ ಆಪ್ತಸಲಹೆಯು ಈ ರೋಗದ ಮುಖ್ಯ ಚಿಕಿತ್ಸೆ.

ಎಲ್ಲಿಗೆ ಹೋಗಬೇಕು?

ಗುಬ್ಬಿ, ಕುಣಿಗಲ್‌ಗಳ ತಾಲ್ಲೂಕು ಆಸ್ಪತ್ರೆ ಅಥವಾ ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. ಮನೋವೈದ್ಯರು ದೊರೆಯುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. ಮೊಬೈಲಿನ ಅತಿಬಳಕೆಗೆಂದೇ 2014ರಲ್ಲಿ ಅಲ್ಲಿ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯ ವಿವರಗಳನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿದೆ.

ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಕಾನೂನು ಅಂಗಡಿಯನ್ನು ಮುಚ್ಚಿಸಬಲ್ಲುದು. ಮನಸ್ಸಿನೊಳಗಿನ ಹಂಬಲಕ್ಕೆ ಚಿಕಿತ್ಸೆಯೇ ಬೇಕು. ಗಿರವಿಯ ಒಡವೆಯನ್ನು ಮತ್ತೆ ಬಿಡಿಸಿಕೊಳ್ಳಬಹುದು, ಹೋದ ಜೀವ ಮರಳಿ ಬಾರದು. ಮೊದಲ ಸುಳ್ಳು ತಿಳಿದ ದಿನವೇ ದಂಪತಿಗಳಿಬ್ಬರೂ ಒಟ್ಟಾಗಿ ಆಸ್ಪತ್ರೆಯ ಬಾಗಿಲಿಗೆ ಬರುವುದು ಲೇಸು.