ಮಾತ್ರೆ ಬಿಟ್ಟವರ ಲೆಕ್ಕ

ಮುಂಬಯಿಯ ಪವಾಯಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಬಿರುಸಾಗಿ ನಡೆಯುವ ಹಲವರನ್ನು ಹಾಸಿಗೆಯಿಂದ ಎಬ್ಬಿಸಿದ್ದು ಶುಗರ್. ಅದೇ ಹೊತ್ತಿಗೆ ಹೋಟೆಲಿನ ಒಳಗೆ ಇಡ್ಲಿ ಪಾತ್ರೆ ಇಳಿಸುತ್ತಿರುವ ನಮ್ಮ ಕರಾವಳಿಯವರಿಗೂ ಆ ಕಾಯಿಲೆ ಇರಬಹುದು. ಅವರಿಗೆ ನಡೆಯಲು ಪುರುಸೊತ್ತಿಲ್ಲ.

‘ರಿಪೋರ್ಟ್ ನಾರ್ಮಲ್ ಬಂತು ಡಾಕ್ಟ್ರೇ, ಮಾತ್ರೆ ಬಿಟ್ಟೆ’ ಎಂಬ ಮಾತಿಗೆ ಗದರುವುದು ಸುಲಭ. ಆದರೆ ಅದು ಉಡಾಫೆಯಲ್ಲ, ಲೆಕ್ಕ. ಜ್ವರ ಇಳಿದರೆ ಔಷಧಿ ನಿಲ್ಲಿಸುವುದನ್ನು ಕಂಡು ಬೆಳೆದವರು ಸಕ್ಕರೆ ಕಾಯಿಲೆಗೂ ಅದೇ ಲೆಕ್ಕ ಹಾಕುತ್ತಾರೆ. ಸಕ್ಕರೆ ಇಳಿದದ್ದೇ ಮಾತ್ರೆಯಿಂದ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಮುಂದುವರಿದ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಯವರಲ್ಲಿ ಸರಾಸರಿ ಅರ್ಧದಷ್ಟು ಮಂದಿ ಮಾತ್ರ ಚಿಕಿತ್ಸೆಯನ್ನು ಸರಿಯಾಗಿ ಪಾಲಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು.

ಮಾತ್ರೆ ಬಿಡಲು ಭಯವೂ ಕಾರಣ. ಹೋಟೆಲಿನಲ್ಲಿ ಗಿರಾಕಿಗಳ ಊಟ ಮುಗಿದ ಮೇಲೆ ಕೆಲಸದವರ ಊಟ. ಬೆಳಿಗ್ಗೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಮೂರು ಗಂಟೆಯವರೆಗೆ ಹಸಿದಿದ್ದರೆ ಸಕ್ಕರೆ ಕುಸಿದು ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ. ಒಮ್ಮೆ ಹಾಗಾದವರು ಮಾತ್ರೆಯನ್ನೇ ದೂರುತ್ತಾರೆ. ಕೈ ನಡುಗಿದಾಗ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಯಬೇಕು, ಊಟದ ಹೊತ್ತನ್ನು ವೈದ್ಯರಿಗೆ ತಿಳಿಸಿ ಔಷಧಿ ಬದಲಿಸಿಕೊಳ್ಳಬೇಕು ಎಂಬುದು ಗೊತ್ತಿದ್ದರೆ ಆ ಭಯ ಅರ್ಧ ಇಳಿಯುತ್ತದೆ.

ರೋಗಿಗೆ ಕಲಿಸುವುದೂ ಚಿಕಿತ್ಸೆಯೇ ಎಂಬ ಅರಿವು ಹಳೆಯದು. ಇನ್ಸುಲಿನ್ ಬರುವ ಮೊದಲೇ, 1918ರಲ್ಲಿ, ಬಾಸ್ಟನ್ನಿನ ಡಾ. ಎಲಿಯಟ್ ಜೋಸ್ಲಿನ್ ವೈದ್ಯರ ಜೊತೆಗೆ ರೋಗಿಗಳೂ ಬಳಸುವಂಥ ಕೈಪಿಡಿ ಬರೆದರು. ಅದೇ ಹಾದಿಯಲ್ಲಿ ಮುಂಬಯಿಯಲ್ಲಿ ಡಾ. ಎಸ್.ಎಸ್. ಅಜಗಾಂವಕರ್ 1955ರಲ್ಲಿ ಡಯಾಬಿಟಿಕ್ ಅಸೋಸಿಯೇಷನ್ ಆಫ್ ಇಂಡಿಯಾ ಕಟ್ಟಿದರು.

ಕಲಿಸುವುದೆಂದರೆ ಚೀಟಿ ಕೊಟ್ಟು ಕಳಿಸುವುದಲ್ಲ. ‘ಅರ್ಥವಾಯಿತೇ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಮನೆಗೆ ಹೋಗಿ ಇದನ್ನು ಹೇಗೆ ಹೇಳುತ್ತೀರಿ?’ ಎಂದು ಕೇಳಿದರೆ ಎಲ್ಲಿ ಎಡವಿದ್ದಾರೆಂಬುದು ಅವರ ಬಾಯಿಂದಲೇ ತಿಳಿಯುತ್ತದೆ. ತಪ್ಪಿದ್ದರೆ ಮತ್ತೆ ಹೇಳಬೇಕು, ಮತ್ತೆ ಕೇಳಬೇಕು. ಹೇಳಿಕೊಡುವುದು ಅವರ ಮಾತಿನಲ್ಲಿ, ಅವರ ತಟ್ಟೆಯ ಲೆಕ್ಕದಲ್ಲಿ ಇರಬೇಕು: ‘ಅನ್ನ ಬಿಡಿ’ ಎನ್ನುವ ಬದಲು, ಕುಚ್ಚಲಕ್ಕಿ ಎಷ್ಟು ಸೌಟು, ಪಕ್ಕದಲ್ಲಿ ಪಲ್ಯ ಎಷ್ಟು.

ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಏರಿದೆ ಎಂದರೆ ಪರೀಕ್ಷೆಯಲ್ಲಿ ಫೇಲಾದಂತೆ ತಲೆ ತಗ್ಗಿಸುವವರಿದ್ದಾರೆ. ಅವರನ್ನು ಕೂರಿಸಿ ಮೊದಲು ಕೇಳಬೇಕಾದದ್ದು ಮಾತ್ರೆಯ ವಿಚಾರವಲ್ಲ: ‘ಮಧ್ಯಾಹ್ನ ಊಟ ಎಷ್ಟು ಗಂಟೆಗೆ ಮಾಡುತ್ತೀರಿ?’